ವಾಸಿಯಾಗದ ತುರಿಕೆಯನ್ನು ಎರಡನೇ ಬಾರಿ ತೋರಿಸಿ



ಫೆಬ್ರವರಿ 11 ಲೂರ್ದು ಮಾತೆಯ ಹಬ್ಬ. ಸಂತ ಎರಡನೇ ಜಾನ್ ಪೌಲರು 1992ರಲ್ಲಿ ಇದೇ ದಿನವನ್ನು ವಿಶ್ವ ರೋಗಿಗಳ ದಿನವೆಂದು ಸಾರಿದರು. 1993ರಿಂದ ಇಡೀ ಧರ್ಮಸಭೆ ಅದನ್ನು ಆಚರಿಸುತ್ತ ಬಂದಿದೆ. ಅಂದು ನಮ್ಮ ದೇವಾಲಯಗಳಲ್ಲಿ ರೋಗಿಗಳಿಗಾಗಿ ಬಲಿಪೂಜೆ ನಡೆಯುತ್ತದೆ, ಅನೇಕ ಕಡೆ ರೋಗಿಗಳ ಅಭ್ಯಂಗವೂ ಇರುತ್ತದೆ. ಮಂಡಿನೋವಿನ ಅಜ್ಜಿ ಬರುತ್ತಾರೆ, ಸಕ್ಕರೆ ಕಾಯಿಲೆಯ ಅಜ್ಜ ಬರುತ್ತಾರೆ, ಹೃದಯದ ಆಪರೇಷನ್ ಆದವರು ಮಕ್ಕಳ ಕೈ ಹಿಡಿದು ಬರುತ್ತಾರೆ. ಅವರ ಕಾಯಿಲೆ ಏನೆಂಬುದು ಊರಿಗೆಲ್ಲ ಗೊತ್ತು. ಆದ್ದರಿಂದ ಊರೆಲ್ಲ ಅವರಿಗಾಗಿ ಪ್ರಾರ್ಥಿಸುತ್ತದೆ.

ಆದರೆ ತನ್ನ ಕಾಯಿಲೆಯನ್ನು ಹೆಂಡತಿಗೂ ಹೇಳದ ಒಬ್ಬ ರೋಗಿ ಅದೇ ದೇವಾಲಯದ ಹಿಂದಿನ ಸಾಲಿನಲ್ಲಿ ನಿಂತಿರಬಹುದು. ಈ ಲೇಖನ ಅವನಿಗಾಗಿ, ಅವನ ಮನೆಯವರಿಗಾಗಿ. ವಿಷಯ ಸ್ವಲ್ಪ ಮುಜುಗರದ್ದು. ದೇವರು ಉಂಟುಮಾಡಿದ ದೇಹದ ಯಾವ ಭಾಗದ ಬಗ್ಗೆಯೂ ಮರ್ಯಾದೆಯಿಂದ ಮಾತನಾಡಬಹುದು ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ.

ಒಂದು ಸನ್ನಿವೇಶ

ಅರಕಲಗೂಡು ಕಡೆಯ ಒಬ್ಬ ರೈತರೆಂದು ಇಟ್ಟುಕೊಳ್ಳೋಣ. ವಯಸ್ಸು ಅರವತ್ತು ದಾಟಿದೆ. ಮಳೆಗಾಲದಲ್ಲಿ ಗದ್ದೆಯ ಕೆಸರು, ಬೇಸಿಗೆಯಲ್ಲಿ ಬೆವರು. ತೊಡೆಸಂದಿಯ ಹತ್ತಿರ ತುರಿಕೆ ಶುರುವಾಗುತ್ತದೆ. ಇಂಥ ತುರಿಕೆ ಅವರಿಗೆ ಹೊಸದಲ್ಲ. ನಮ್ಮ ಕಡೆ ಗಜಕರ್ಣ, ಹುಳುಕಡ್ಡಿ ಎಂದು ಕರೆಯುವ ಶಿಲೀಂಧ್ರದ ಸೋಂಕು ಬೆವರುವ ದುಡಿಮೆಗಾರರಿಗೆಲ್ಲ ಪರಿಚಯದ್ದೇ. ಸಂತೆಗೆ ಹೋದಾಗ ಮೆಡಿಕಲ್ ಸ್ಟೋರಿನ ಹುಡುಗನಿಗೆ ಮೆಲ್ಲಗೆ ಹೇಳುತ್ತಾರೆ: "ತುರಿಕೆಗೊಂದು ಟ್ಯೂಬ್ ಕೊಡಪ್ಪ." ಅವನು ಕೊಡುತ್ತಾನೆ. ಎರಡು ದಿನದಲ್ಲಿ ತುರಿಕೆ ಇಳಿಯುತ್ತದೆ, ಹತ್ತು ದಿನದಲ್ಲಿ ಮರಳಿ ಬರುತ್ತದೆ. ಮತ್ತೊಂದು ಟ್ಯೂಬ್ ಬರುತ್ತದೆ. ಹೀಗೆ ಒಂದು ವರ್ಷ ಕಳೆದು ಎರಡನೆಯದೂ ಮುಗಿಯುತ್ತದೆ. ಕೆಂಪು ಕಲೆ ಮಾತ್ರ ಎಂಟಾಣೆ ನಾಣ್ಯದಷ್ಟಿದ್ದದ್ದು ಅಂಗೈಯಗಲ ಆಗಿರುತ್ತದೆ. ಒಂದು ದಿನ ಪಂಚೆಯಲ್ಲಿ ರಕ್ತದ ಕಲೆ ಕಂಡಾಗ ಹೆಂಡತಿಗೆ ಗೊತ್ತಾಗುತ್ತದೆ.

ಇದು ಊಹಿಸಿ ಹೇಳಿದ ಕಥೆ. ಆದರೆ ವೈದ್ಯರು ಈ ರೋಗದ ಬಗ್ಗೆ ಹೇಳುವ ದಾರಿ ಇದೇ. ಬೀಜದ ಚೀಲದ, ಅಂದರೆ ವೃಷಣಚೀಲದ ಚರ್ಮದ ಮೇಲೆ ಬರುವ ಕ್ಯಾನ್ಸರ್ ಬಹಳ ಅಪರೂಪ. ಅಪರೂಪವಾದ್ದರಿಂದಲೇ ರೋಗಿಗೂ ಕೆಲವೊಮ್ಮೆ ವೈದ್ಯರಿಗೂ ಮೊದಲು ಹೊಳೆಯುವುದು ಸೋಂಕು, ಇಸುಬು, ಇಲ್ಲವೇ ಬಟ್ಟೆ ಉಜ್ಜಿದ ಗಾಯ. ಇದು ಒಳಗಿನ ಬೀಜಕ್ಕೆ ಬರುವ ಕ್ಯಾನ್ಸರ್ ಅಲ್ಲ. ಅದು ಬೇರೆಯೇ ರೋಗ, ಹೆಚ್ಚಾಗಿ ಯುವಕರಲ್ಲಿ ಗಟ್ಟಿ ಗಂಟಾಗಿ ಕಾಣಿಸುತ್ತದೆ. ನಾವಿಲ್ಲಿ ಮಾತನಾಡುತ್ತಿರುವುದು ಹೊರಗಿನ ಚರ್ಮದ ಬಗ್ಗೆ.

ಲಂಡನ್ನಿನ ಹೊಗೆಗೂಡು ಹುಡುಗರು

ಈ ರೋಗವನ್ನು ಸೋಂಕೆಂದು ತಪ್ಪು ತಿಳಿಯುವುದು ಇಂದು ನೆನ್ನೆಯದಲ್ಲ. ಲಂಡನ್ನಿನಲ್ಲಿ ಪ್ರೇಷಿತ ಸಂತ ಬಾರ್ತೊಲೊಮಾಯರ ಹೆಸರಿನ ಹಳೆಯ ಆಸ್ಪತ್ರೆಯೊಂದಿದೆ. 1123ರಲ್ಲಿ ರಾಹೇರ್ ಎಂಬ ಧರ್ಮನಿಷ್ಠರು ಅದನ್ನು ಬಡವರಿಗಾಗಿ ಸ್ಥಾಪಿಸಿದರು. ಅಲ್ಲಿ ಶಸ್ತ್ರವೈದ್ಯರಾಗಿದ್ದ ಪರ್ಸಿವಲ್ ಪಾಟ್ ಎಂಬುವರು 1775ರಲ್ಲಿ ಒಂದು ಪುಟ್ಟ ಬರಹ ಪ್ರಕಟಿಸಿದರು. ಹೊಗೆಗೂಡು ಗುಡಿಸುವವರಿಗೆ ಬೀಜದ ಚೀಲದ ಮೇಲೆ ಬರುವ ಒಂದು ಹುಣ್ಣಿನ ಬಗ್ಗೆ ಅದರಲ್ಲಿ ವಿವರಿಸಿದ್ದರು.

ಆಗ ಇಂಗ್ಲೆಂಡಿನಲ್ಲಿ ಮನೆ ಮನೆಗೂ ಕಲ್ಲಿದ್ದಲಿನ ಒಲೆ. ಇಕ್ಕಟ್ಟಾದ ಹೊಗೆಗೂಡಿನೊಳಗೆ ದೊಡ್ಡವರು ಹಿಡಿಸುವುದಿಲ್ಲವೆಂದು ಬಡವರ, ಅನಾಥರ ಮಕ್ಕಳನ್ನು ಹತ್ತಿಸುತ್ತಿದ್ದರು. ಅವರ ಮೈಗೆ ಬಟ್ಟೆಯೂ ಸರಿಯಾಗಿ ಇರುತ್ತಿರಲಿಲ್ಲ. ಮಸಿ ಮೈಯ ಮಡಿಕೆಗಳಲ್ಲಿ ಕೂತುಬಿಡುತ್ತಿತ್ತು, ಸ್ನಾನ ಎಂದೋ ಒಮ್ಮೆ. ಆ ಹುಡುಗರು ದೊಡ್ಡವರಾದ ಮೇಲೆ ಬೀಜದ ಚೀಲದ ಕೆಳಭಾಗದಲ್ಲಿ ನರುಲಿಯಂಥದ್ದು ಏಳುತ್ತಿತ್ತು. ಆ ಕಸುಬಿನವರು ಅದನ್ನು ಮಸಿಯ ನರುಲಿ ಎಂದೇ ಕರೆಯುತ್ತಿದ್ದರು. ಮುಂದೆ ಅದು ಗಟ್ಟಿ ಅಂಚಿನ ಹುಣ್ಣಾಗಿ, ತೊಡೆಸಂದಿಯ ಗಂಟುಗಳಿಗೆ ಹರಡಿ, ಪ್ರಾಣವನ್ನೇ ತೆಗೆಯುತ್ತಿತ್ತು.

ಪಾಟ್ ಬರೆದ ಇನ್ನೊಂದು ಮಾತು ನಮಗೆ ಮುಖ್ಯ. ರೋಗಿಯೂ ಅವನನ್ನು ನೋಡಿದ ವೈದ್ಯನೂ ಅದನ್ನು ಲೈಂಗಿಕ ರೋಗವೆಂದೇ ಭಾವಿಸುತ್ತಿದ್ದರು. ಹುಣ್ಣು ಆ ಜಾಗದಲ್ಲಿದೆ, ಪ್ರಾಯದ ಗಂಡಸಿಗೆ ಬಂದಿದೆ, ಇನ್ನೇನು ಇದ್ದೀತು ಎಂಬ ಎಣಿಕೆ. ಆ ರೋಗಕ್ಕೆ ಆಗ ಕೊಡುತ್ತಿದ್ದ ಔಷಧಿ ಪಾದರಸ. ಅದರಿಂದ ಹುಣ್ಣು ವಾಸಿಯಾಗುವ ಬದಲು ಕೆರಳುತ್ತಿತ್ತು. ಏನೂ ತಪ್ಪು ಮಾಡದ ಬಡವನೊಬ್ಬ ಕೆಟ್ಟ ನಡತೆಯವನೆಂಬ ಹೆಸರನ್ನೂ ಹೊತ್ತು ಸಾಯುತ್ತಿದ್ದ. ಪಾಟ್ ಆ ಹುಣ್ಣನ್ನು ಗಮನಿಸಿ ನೋಡಿ, ಇದಕ್ಕೆ ಕಾರಣ ಮಸಿ ಎಂದು ತಿಳಿಸಿದರು. ಒಂದು ಕಸುಬಿನಿಂದ ಕ್ಯಾನ್ಸರ್ ಬರಬಹುದು ಎಂದು ಜಗತ್ತಿಗೆ ತಿಳಿದದ್ದು ಅಲ್ಲಿಂದಲೇ.

1788ರಲ್ಲಿ ಎಂಟು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಈ ಕೆಲಸಕ್ಕೆ ಸೇರಿಸಬಾರದೆಂದು ಇಂಗ್ಲೆಂಡಿನಲ್ಲಿ ಕಾನೂನು ಬಂತು. ಅದನ್ನು ಪಾಲಿಸಿದವರು ಕಡಿಮೆ. 1875ರ ಕಾನೂನಿನ ನಂತರವೇ ಮಕ್ಕಳನ್ನು ಹತ್ತಿಸುವುದು ನಿಜವಾಗಿ ನಿಂತಿತು. 1892ರಲ್ಲಿ ಹೆನ್ರಿ ಬಟ್ಲಿನ್ ಎಂಬ ಇನ್ನೊಬ್ಬ ಶಸ್ತ್ರವೈದ್ಯರು, ಯುರೋಪಿನ ಬೇರೆ ದೇಶಗಳಲ್ಲೂ ಹೊಗೆಗೂಡು ಗುಡಿಸುವವರಿದ್ದಾರೆ, ಅವರಿಗೇಕೆ ಈ ಕಾಯಿಲೆ ಅಷ್ಟಾಗಿ ಇಲ್ಲ ಎಂದು ವಿಚಾರಿಸಿದರು. ಅಲ್ಲಿಯವರು ಮೈಮುಚ್ಚುವ ಬಟ್ಟೆ ತೊಟ್ಟು ಕೆಲಸ ಮಾಡಿ ದಿನವೂ ಸ್ನಾನ ಮಾಡುತ್ತಿದ್ದರು. ಕೆಲವು ದಶಕಗಳ ನಂತರ ಲ್ಯಾಂಕಾಶೈರಿನ ಹತ್ತಿ ಗಿರಣಿಗಳಲ್ಲಿ, ಯಂತ್ರದ ಎಣ್ಣೆಯಿಂದ ಷರಾಯಿ ನೆನೆಯುತ್ತಿದ್ದ ನೂಲುಗಾರರಲ್ಲೂ ಇದೇ ಕ್ಯಾನ್ಸರ್ ಕಾಣಿಸಿತು.

ನಮ್ಮ ಜಿಲ್ಲೆಯಲ್ಲಿ ಹೊಗೆಗೂಡು ಹತ್ತುವ ಮಕ್ಕಳಿಲ್ಲ. ಆದರೆ ಗ್ಯಾರೇಜಿನಲ್ಲಿ ಹಳೆಯ ಇಂಜಿನ್ ಆಯಿಲಿನಲ್ಲಿ ನೆನೆದ ಪ್ಯಾಂಟು ತೊಟ್ಟು ದಿನವಿಡೀ ಕೆಲಸ ಮಾಡುವ ಯುವಕರಿದ್ದಾರೆ. ಟಾರು ಕಾಯಿಸುವವರಿದ್ದಾರೆ, ಹೊಗೆ ಮಸಿಯ ನಡುವೆ ದುಡಿಯುವವರಿದ್ದಾರೆ. ಅವರಿಗೆಲ್ಲ ಈ ರೋಗ ಬಂದೇ ಬರುತ್ತದೆ ಎಂದು ಹೆದರಿಸುತ್ತಿಲ್ಲ. ಕೆಲಸ ಮುಗಿದೊಡನೆ ಸೋಪು ಹಾಕಿ ತೊಳೆದುಕೊಳ್ಳುವುದು, ಎಣ್ಣೆ ಬಟ್ಟೆಯನ್ನು ಮರುದಿನ ಹಾಗೆಯೇ ತೊಡದಿರುವುದು, ಎಣ್ಣೆ ಒರೆಸಿದ ಚಿಂದಿಯನ್ನು ಪ್ಯಾಂಟಿನ ಜೇಬಿಗೆ ತುರುಕದಿರುವುದು ಖರ್ಚಿಲ್ಲದ ರಕ್ಷಣೆ.

ಇಸುಬಿನಂತೆ ಕಾಣುವ ಇನ್ನೊಂದು

ಮಸಿ, ಎಣ್ಣೆ ಯಾವುದರ ಸಂಬಂಧವೂ ಇಲ್ಲದೆ ಬರುವ ಇನ್ನೊಂದು ಬಗೆಯಿದೆ. ಅದಕ್ಕೆ ಪ್ಯಾಜೆಟ್ ರೋಗ ಎನ್ನುತ್ತಾರೆ. ಸ್ತನದ ತೊಟ್ಟಿನ ಮೇಲೆ ಇಸುಬಿನಂತೆ ಕಾಣುವ ಕಲೆಯ ಹಿಂದೆ ಕ್ಯಾನ್ಸರ್ ಇರಬಹುದೆಂದು 1874ರಲ್ಲಿ ಜೇಮ್ಸ್ ಪ್ಯಾಜೆಟ್ ಎಂಬ ವೈದ್ಯರು ತೋರಿಸಿದರು. ಅಂಥದೇ ಕಲೆ ಗಂಡಸರ ಬೀಜದ ಚೀಲದ ಮೇಲೂ ಬರುತ್ತದೆಂದು 1889ರಲ್ಲಿ ರ್‍ಯಾಡ್‌ಕ್ಲಿಫ್ ಕ್ರಾಕರ್ ಎಂಬುವರು ವಿವರಿಸಿದರು. ಹೆಂಗಸರ ಗುಪ್ತಾಂಗದ ಚರ್ಮದ ಮೇಲೂ ಇದು ಬರಬಹುದು. ಆದ್ದರಿಂದ ತಾಯಂದಿರೂ ಇದನ್ನು ಗಮನದಲ್ಲಿಡಬೇಕು.

ಇದು ಹೆಚ್ಚಾಗಿ ಐವತ್ತು ಅರವತ್ತು ದಾಟಿದವರಲ್ಲಿ ಕಾಣಿಸುತ್ತದೆ. ಕೆಂಪಗೆ, ಸ್ವಲ್ಪ ಒದ್ದೆಯಾಗಿ, ಕೆಲವು ಕಡೆ ಬಿಳಿ ಹೊಟ್ಟು ಎದ್ದಂತೆ ಇರುತ್ತದೆ. ತುರಿಸುತ್ತದೆ, ಉರಿಯುತ್ತದೆ. ನೋವು ಅಷ್ಟಿಲ್ಲ. ತಿಂಗಳುಗಟ್ಟಲೆ ನಿಧಾನವಾಗಿ ಹರಡುತ್ತದೆ. ಎಷ್ಟೋ ರೋಗಿಗಳು ವರ್ಷಾನುಗಟ್ಟಲೆ ಮುಲಾಮು ಹಚ್ಚಿದ ಮೇಲೆಯೇ ಪತ್ತೆಯಾಗುತ್ತಾರೆ. ಕೆಲವರಲ್ಲಿ ಇದರ ಜೊತೆಗೆ ಮೂತ್ರಕೋಶ, ಪ್ರಾಸ್ಟೇಟ್ ಗ್ರಂಥಿ ಅಥವಾ ಗುದನಾಳದಲ್ಲೂ ಕ್ಯಾನ್ಸರ್ ಇರಬಹುದಾದ್ದರಿಂದ, ಪತ್ತೆಯಾದ ನಂತರ ವೈದ್ಯರು ಅವುಗಳನ್ನೂ ಪರೀಕ್ಷಿಸುತ್ತಾರೆ.

ಸೋಂಕಿಗೂ ಇದಕ್ಕೂ ವ್ಯತ್ಯಾಸ ಹೇಗೆ?

ಬರಿಗಣ್ಣಿನಿಂದ ಖಚಿತವಾಗಿ ಹೇಳಲು ವೈದ್ಯರಿಗೂ ಆಗುವುದಿಲ್ಲ. ಆದರೂ ಕೆಲವು ಸುಳಿವುಗಳಿವೆ.

ಮೊದಲನೆಯದು, ಜಾಗ. ಗಜಕರ್ಣ ಸಾಮಾನ್ಯವಾಗಿ ತೊಡೆಸಂದಿಯಲ್ಲಿ, ತೊಡೆಯ ಒಳಮೈಯಲ್ಲಿ ಉಂಗುರದಂತೆ ಹರಡುತ್ತದೆ. ಅಂಚು ಉಬ್ಬಿರುತ್ತದೆ, ನಡುಭಾಗ ತಿಳಿಯಾಗಿರುತ್ತದೆ. ಬೀಜದ ಚೀಲದ ಚರ್ಮವನ್ನು ಅದು ಹೆಚ್ಚಾಗಿ ಮುಟ್ಟುವುದಿಲ್ಲ. ಆ ಚರ್ಮದ ಮೇಲೆಯೇ ಕಲೆ ಕೂತಿದ್ದರೆ ಗಜಕರ್ಣವೆಂದು ತಾವೇ ತೀರ್ಮಾನಿಸಬಾರದು.

ಎರಡನೆಯದು, ಮನೆಯವರು. ಗಜಕರ್ಣ, ತುರಿಕಜ್ಜಿ ಒಬ್ಬರಿಂದ ಒಬ್ಬರಿಗೆ ಅಂಟುತ್ತವೆ. ಅದೇ ಟವೆಲು, ಅದೇ ಹಾಸಿಗೆ ಬಳಸುವ ಮನೆಯಲ್ಲಿ ಇನ್ನೊಬ್ಬರಿಗೂ ತುರಿಕೆ ಇರುವುದುಂಟು. ಕ್ಯಾನ್ಸರ್ ಅಂಟುವುದಿಲ್ಲ. ಒಬ್ಬರಿಗೆ, ಒಂದೇ ಕಡೆ, ಒಂದೇ ಕಲೆಯಾಗಿ ಇರುತ್ತದೆ.

ಮೂರನೆಯದು, ಔಷಧಿಗೆ ಬಗ್ಗುವುದು. ವೈದ್ಯರು ಹೇಳಿದ ಔಷಧಿಯನ್ನು ಹೇಳಿದಷ್ಟು ದಿನ ಸರಿಯಾಗಿ ಬಳಸಿದರೆ ಸೋಂಕು ಕೆಲವು ವಾರಗಳಲ್ಲಿ ಇಳಿಮುಖವಾಗಬೇಕು. ಆಗದಿದ್ದರೆ ಮತ್ತೊಮ್ಮೆ ನೋಡಬೇಕಾದ ಕಾಲ ಬಂತೆಂದು ಅರ್ಥ.

ನಾಲ್ಕನೆಯದು, ರೂಪ ಬದಲಾಗುವುದು. ಗಟ್ಟಿಯಾದ ಅಂಚು, ಒಣಗದ ಹುಣ್ಣು, ರಕ್ತ, ಬೆಳೆಯುತ್ತಿರುವ ನರುಲಿ, ತೊಡೆಸಂದಿಯಲ್ಲಿ ಗಂಟು ಇವುಗಳಲ್ಲಿ ಒಂದು ಕಂಡರೂ ತಡಮಾಡಬಾರದು.

ಟ್ಯೂಬಿನ ಮೋಸ

ತುರಿಕೆ ಎರಡೇ ದಿನದಲ್ಲಿ ಇಳಿಸುವ ಅನೇಕ ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಅದು ಕೆಂಪನ್ನೂ ತುರಿಕೆಯನ್ನೂ ಅಡಗಿಸುತ್ತದೆ, ಕಾರಣವನ್ನು ಹಾಗೆಯೇ ಬಿಡುತ್ತದೆ. ಗಜಕರ್ಣವಿದ್ದರೆ ಒಳಗೊಳಗೇ ಹಬ್ಬಿಸುತ್ತದೆ. ಕ್ಯಾನ್ಸರ್ ಇದ್ದರೆ ಅದರ ಗುರುತನ್ನು ಮರೆಮಾಚುತ್ತದೆ. ಆ ಭಾಗದ ತೆಳು ಚರ್ಮ ಇನ್ನಷ್ಟು ತೆಳುವಾಗುತ್ತದೆ. ಇದೇ ಕಾರಣಕ್ಕೆ ಕೇಂದ್ರ ಸರ್ಕಾರ 2018ರಲ್ಲಿ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಕಾನೂನು ಇದೆ. ಆದರೂ ಚೀಟಿಯಿಲ್ಲದೆ ಕೇಳುವವರು ನಾವೇ. ವೈದ್ಯರ ಬಳಿ ಹೋಗುವಾಗ ಹಚ್ಚಿದ ಟ್ಯೂಬುಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಬೈಸಿಕೊಳ್ಳಬೇಕಾದೀತೆಂದು ಮುಚ್ಚಿಡಬೇಡಿ.

ಯಾಜಕನು ಎರಡು ಸಲ ನೋಡುತ್ತಿದ್ದನು

ಹಳೆಯ ಒಡಂಬಡಿಕೆಯ ಯಾಜಕಕಾಂಡದ 13ನೇ ಅಧ್ಯಾಯವನ್ನು ಓದುವಾಗ ಅನೇಕರಿಗೆ ಬೇಸರವಾಗುತ್ತದೆ. ಚರ್ಮದ ಕಲೆ, ಬಾವು, ಬಿಳಿ ಕೂದಲು ಇವೇ ವಿವರ. ಅದು ವೈದ್ಯಗ್ರಂಥವಲ್ಲ, ಆರಾಧನೆಯ ಶುದ್ಧಿಗೆ ಸಂಬಂಧಿಸಿದ ನಿಯಮ. ಆದರೂ ಅದರ ಕ್ರಮವನ್ನು ಗಮನಿಸಿ. ಕಲೆ ಕಂಡವನನ್ನು ಯಾಜಕನ ಬಳಿಗೆ ಕರೆತರುತ್ತಾರೆ. ಯಾಜಕನು ಕಣ್ಣಾರೆ ನೋಡುತ್ತಾನೆ. ಖಚಿತವಾಗದಿದ್ದರೆ ಅವಸರದಿಂದ ತೀರ್ಪು ಕೊಡುವುದಿಲ್ಲ, ಏಳು ದಿನ ಕಾಯಿಸುತ್ತಾನೆ. ಏಳನೆಯ ದಿನ ಮತ್ತೆ ನೋಡುತ್ತಾನೆ. ಕಲೆ ಹರಡಿದೆಯೋ ಇಲ್ಲವೋ ಎಂಬುದೇ ಅವನ ಪ್ರಶ್ನೆ. ಆಗಲೂ ಸಂಶಯವಿದ್ದರೆ ಇನ್ನೂ ಏಳು ದಿನ, ಮತ್ತೆ ಪರೀಕ್ಷೆ.

ತೋರಿಸಬೇಕು, ದಿನ ಗೊತ್ತುಮಾಡಬೇಕು, ಆ ದಿನ ಬಂದಾಗ ಮತ್ತೆ ತೋರಿಸಬೇಕು. ನಾವು ಮೊದಲ ಸಲ ತೋರಿಸುವುದೇ ಕಷ್ಟ. ಎರಡನೇ ಸಲವಂತೂ ಹೋಗುವುದೇ ಇಲ್ಲ. "ಆ ಡಾಕ್ಟರ ಔಷಧಿ ಹಿಡಿಸಲಿಲ್ಲ" ಎಂದು ಬೇರೆ ಕಡೆ ಹೋಗುತ್ತೇವೆ. ಹೊಸ ವೈದ್ಯರಿಗೆ ಹಿಂದಿನದು ಗೊತ್ತಿರುವುದಿಲ್ಲ, ಅವರೂ ಮೊದಲಿನಿಂದ ಸೋಂಕಿನ ಔಷಧಿಯನ್ನೇ ಶುರುಮಾಡುತ್ತಾರೆ. ಹೀಗೆ ನಾಲ್ಕು ವೈದ್ಯರು ನೋಡಿದರೂ ಎಲ್ಲರೂ ನೋಡಿದ್ದು ಮೊದಲ ಸಲವೇ ಆಗುತ್ತದೆ. ಹಳೆಯ ಚೀಟಿ ಹಿಡಿದು ಅದೇ ವೈದ್ಯರ ಬಳಿ ಹೋಗಿ, "ಸ್ವಾಮಿ, ನೀವು ಹೇಳಿದ ಹಾಗೆಯೇ ಹಚ್ಚಿದೆ, ಕಡಿಮೆಯಾಗಿಲ್ಲ, ಇದು ಬೇರೆ ಏನಾದರೂ ಇರಬಹುದೇ?" ಎಂದು ಕೇಳಿ. ಈ ಪ್ರಶ್ನೆಯಿಂದ ಯಾವ ಒಳ್ಳೆಯ ವೈದ್ಯರೂ ಬೇಸರಪಡುವುದಿಲ್ಲ.

ಬಯಾಪ್ಸಿ ಎಂದರೆ

ಸೋಂಕೋ ಅಲ್ಲವೋ ನೋಡಲು ಮೊದಲು ಚರ್ಮದ ಹೊಟ್ಟನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಅದು ಸರಳ ಪರೀಕ್ಷೆ. ಶಿಲೀಂಧ್ರ ಕಾಣದಿದ್ದರೆ, ಅಥವಾ ಔಷಧಿಗೆ ಬಗ್ಗದಿದ್ದರೆ ಬಯಾಪ್ಸಿ. ಆ ಜಾಗವನ್ನು ಮರಗಟ್ಟಿಸುವ ಸೂಜಿ ಕೊಟ್ಟು, ಕಾಳಿನಷ್ಟು ಚರ್ಮ ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು.

"ಕತ್ತಿ ಮುಟ್ಟಿಸಿದರೆ ಕ್ಯಾನ್ಸರ್ ಹರಡುತ್ತದೆ" ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಬಲವಾಗಿದೆ. ಇಂಥ ಚರ್ಮದ ಬಯಾಪ್ಸಿಯಿಂದ ರೋಗ ಹರಡುವುದಿಲ್ಲ. ಬಯಾಪ್ಸಿ ಮಾಡಿಸದೆ ಕಳೆದ ತಿಂಗಳುಗಳಲ್ಲಿ ಅದು ತಾನಾಗಿಯೇ ಹರಡುತ್ತದೆ. ಆಮೇಲೆ ಪತ್ತೆಯಾದಾಗ, ಪರೀಕ್ಷೆಯಿಂದಲೇ ಹೀಗಾಯಿತು ಎಂದು ಜನ ಭಾವಿಸುತ್ತಾರೆ.

ಬೇಗ ಪತ್ತೆಯಾದರೆ ಚಿಕಿತ್ಸೆ ಮುಖ್ಯವಾಗಿ ಆಪರೇಷನ್. ಕಲೆಯನ್ನೂ ಅದರ ಸುತ್ತಲಿನ ಸ್ವಲ್ಪ ಒಳ್ಳೆಯ ಚರ್ಮವನ್ನೂ ತೆಗೆಯುತ್ತಾರೆ. ಅಲ್ಲಿಯ ಚರ್ಮ ಸಡಿಲವಾಗಿರುವುದರಿಂದ ಚಿಕ್ಕದಾದರೆ ಹಾಗೆಯೇ ಹೊಲಿಯಬಹುದು. ಚರ್ಮದಲ್ಲಷ್ಟೇ ಇರುವ ರೋಗಕ್ಕೆ ಬೀಜವನ್ನು ಸಾಮಾನ್ಯವಾಗಿ ತೆಗೆಯಬೇಕಾಗುವುದಿಲ್ಲ. ಆಳಕ್ಕೆ ಇಳಿದು ತೊಡೆಸಂದಿಯ ಗಂಟುಗಳಿಗೆ ಹೋದಮೇಲೆ ಚಿಕಿತ್ಸೆ ದೊಡ್ಡದಾಗುತ್ತದೆ, ಭರವಸೆ ಕಡಿಮೆಯಾಗುತ್ತದೆ. ಪ್ಯಾಜೆಟ್ ರೋಗ ಮರುಕಳಿಸುವುದುಂಟು. ಆದ್ದರಿಂದ ಆಪರೇಷನ್ ಆದಮೇಲೂ ಹಲವು ವರ್ಷ ತೋರಿಸುತ್ತಿರಬೇಕು.

ಎಲ್ಲಿ ತೋರಿಸಬೇಕು?

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮೂರರಲ್ಲೂ ಸರ್ಕಾರಿ ತಾಲ್ಲೂಕು ಆಸ್ಪತ್ರೆಗಳಿವೆ. ಮೊದಲು ಅಲ್ಲಿ ತೋರಿಸಬಹುದು. ಮುಂದಿನ ಪರೀಕ್ಷೆಗೆ ಹಾಸನದಲ್ಲಿ 2006ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯೇ ಇದೆ. ಅಲ್ಲಿಯ ಚರ್ಮರೋಗ ವಿಭಾಗವನ್ನು ಕೇಳಿ. ಕ್ಯಾನ್ಸರ್ ಎಂದು ಖಚಿತವಾದರೆ ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಆಸ್ಪತ್ರೆಯಿದೆ. ಧರ್ಮಸಭೆಯ ಸಂಸ್ಥೆಗಳಾದ ಬೆಂಗಳೂರಿನ ಸೇಂಟ್ ಜಾನ್ಸ್, ಮಂಗಳೂರಿನ ಫಾದರ್ ಮುಲ್ಲರ್ ಆಸ್ಪತ್ರೆಗಳೂ ಇವೆ. ಯೇಸುಸಭೆಯ ಆಗಸ್ಟಸ್ ಮುಲ್ಲರ್ ಸ್ವಾಮಿಗಳು 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಔಷಧಿ ಕೊಡಲು ಆರಂಭಿಸಿ, 1890ರಲ್ಲಿ ಯಾರೂ ಮುಟ್ಟದ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು ಎಂಬುದನ್ನು ನೆನೆಯೋಣ. ಬಿಪಿಎಲ್ ಕಾರ್ಡಿನ ಕುಟುಂಬಗಳಿಗೆ 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಿದೆ. ರೇಷನ್ ಕಾರ್ಡು, ಆಧಾರ್ ಜೊತೆಗಿರಲಿ, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕೇ ಎಂದು ಮೊದಲೇ ಕೇಳಿಕೊಳ್ಳಿ.

ಮನೆಯವರಿಗೆ ಒಂದು ಮಾತು

ಇಂಥ ಕಾಯಿಲೆ ಬಂದವನನ್ನು ಅನುಮಾನದಿಂದ ನೋಡಬೇಡಿ. ಪಾಟ್ ಕಾಲದ ಹೊಗೆಗೂಡು ಕೆಲಸದವರಿಗೆ ಆದ ಅನ್ಯಾಯ ನಮ್ಮ ಮನೆಯಲ್ಲಿ ಆಗಬಾರದು. ಹುಟ್ಟುಕುರುಡನನ್ನು ಕಂಡು ಶಿಷ್ಯರು, ಇದು ಯಾರ ಪಾಪದ ಫಲ ಎಂದು ಕೇಳಿದಾಗ ಯೇಸುಸ್ವಾಮಿ ಆ ಲೆಕ್ಕವನ್ನೇ ಒಪ್ಪಲಿಲ್ಲ. ತಾಯಂದಿರೇ, ಯಜಮಾನರು ಪದೇ ಪದೇ ಟ್ಯೂಬ್ ತರುತ್ತಿದ್ದರೆ, ಕೂರಲು ಏಳಲು ಕಷ್ಟಪಡುತ್ತಿದ್ದರೆ, ಒಳಬಟ್ಟೆಯನ್ನು ತಾವೇ ಒಗೆದುಕೊಳ್ಳಲು ಶುರುಮಾಡಿದ್ದರೆ ಮೆಲ್ಲಗೆ ವಿಚಾರಿಸಿ. ಗಂಡುಮಕ್ಕಳೇ, "ಅಪ್ಪ, ನಾಳೆ ಹಾಸನಕ್ಕೆ ಹೋಗಿ ಬರೋಣ, ನಾನೂ ಬರ್ತೀನಿ" ಎಂದರೆ ಸಾಕು. ಎಷ್ಟೋ ಅಪ್ಪಂದಿರು ಈ ಒಂದು ಮಾತಿಗಾಗಿ ಕಾಯುತ್ತಿರುತ್ತಾರೆ.

ಪ್ರಾರ್ಥನೆ ಮಾಡುತ್ತೇವೆ, ಆಸ್ಪತ್ರೆ ಏಕೆ ಎನ್ನುವವರೂ ಇದ್ದಾರೆ. ಸಿರಾಖನ ಗ್ರಂಥದ 38ನೇ ಅಧ್ಯಾಯ ಪ್ರಾರ್ಥಿಸಲೂ ಹೇಳುತ್ತದೆ, ವೈದ್ಯನಿಗೆ ಸ್ಥಾನ ಕೊಡಲೂ ಹೇಳುತ್ತದೆ. ಲೂರ್ದಿನಲ್ಲೇ 1883ರಿಂದ ವೈದ್ಯರ ಕಚೇರಿಯೊಂದಿದೆ. ಅಲ್ಲಿ ಗುಣವಾದೆನೆಂದು ಬಂದವರ ಹಳೆಯ ದಾಖಲೆ, ಪರೀಕ್ಷೆಗಳನ್ನು ವೈದ್ಯರು ನೋಡಿದ ಮೇಲೆಯೇ ವಿಚಾರ ಮುಂದಕ್ಕೆ ಹೋಗುತ್ತದೆ. ಪವಾಡಕ್ಕೂ ರಿಪೋರ್ಟ್ ಕೇಳುವ ಧರ್ಮಸಭೆ ನಮ್ಮದು. ನಮ್ಮ ತುರಿಕೆಗೆ ಒಂದು ರಿಪೋರ್ಟ್ ಮಾಡಿಸಲು ಹಿಂಜರಿಕೆ ಏಕೆ?

ಹತ್ತು ಮಂದಿ ಕುಷ್ಠರೋಗಿಗಳು ದೂರ ನಿಂತು ಕೂಗಿದಾಗ ಪ್ರಭು ಅವರಿಗೆ ಹೇಳಿದ್ದು, ಹೋಗಿ ಯಾಜಕರಿಗೆ ನಿಮ್ಮನ್ನು ತೋರಿಸಿಕೊಳ್ಳಿರಿ ಎಂದು. ಅವರು ಹೋಗುತ್ತಿರುವಾಗ ದಾರಿಯಲ್ಲೇ ಗುಣವಾದರು. ತೋರಿಸಲು ಎದ್ದು ಹೊರಟದ್ದೇ ಅವರ ವಿಶ್ವಾಸ. ಈ ಹಬ್ಬದ ದಿನ ಯಾರಾದರೊಬ್ಬರು ತಿಂಗಳುಗಳಿಂದ ಮುಚ್ಚಿಟ್ಟದ್ದನ್ನು ಮನೆಯಲ್ಲಿ ಹೇಳಿ, ಮರುದಿನ ಬಸ್ಸು ಹತ್ತಿದರೆ ಈ ಲೇಖನ ಸಾರ್ಥಕ. ರೋಗಿಗಳ ಆರೋಗ್ಯವಾದ ಲೂರ್ದು ಮಾತೆ ಅವರ ಜೊತೆಗಿದ್ದು, ತಮ್ಮ ಪುತ್ರನಲ್ಲಿ ಅವರಿಗಾಗಿ ಬಿನ್ನವಿಸಲಿ. ಆಮೆನ್.